ಬರ ಕಳೆದ ಮೇಲಿನ ಹೊಣೆ : ಕನ್ನಡ ನಾಡಿನಲ್ಲಿ ಕ್ರೈಸ್ತ ಸೇವಾಧರ್ಮದ ಒಂದು ಅಧ್ಯಾಯ

೧

ಕಲಬುರಗಿಯ ಶಹಾಬಜಾರವು ಬಹಮನಿ ಅರಸರ ಕಾಲದಿಂದ ಬಂದ ಹಳೆಯ ಬಡಾವಣೆ. ೧೩೪೭ರಲ್ಲಿ ಸ್ಥಾಪಿತವಾದ ಆ ರಾಜ್ಯಕ್ಕೆ ಕಲಬುರಗಿಯು ರಾಜಧಾನಿಯಾಗಿದ್ದ ದಿನಗಳ ನೆನಪನ್ನು ಅಲ್ಲಿಯ ಪುರಾತನ ಮಸೀದಿಯು ಇಂದಿಗೂ ಉಳಿಸಿಕೊಂಡಿದೆ. ಹಸಿದು ಬಂದವನಿಗೆ ಅನ್ನವಿಕ್ಕುವ ಧರ್ಮವು ಈ ನಗರಕ್ಕೆ ಹೊಸತಲ್ಲ. ೧೪೨೨ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾ, ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದಾಸೋಹದ ಮಹಾಮನೆ, ಇವೆರಡೂ ಒಂದೇ ನಗರದಲ್ಲಿ ಬೇರೆ ಬೇರೆ ಮಾತುಗಳಲ್ಲಿ ಒಂದೇ ತತ್ತ್ವವನ್ನು ಸಾರಿದವು. ಉಣ್ಣಲು ಬಂದವನ ಕುಲವನ್ನು ಕೇಳಬಾರದೆಂಬುದೇ ಆ ತತ್ತ್ವ. ದಾಸೋಹವೆಂಬ ಪದದ ಅರ್ಥವಾದರೂ ಕೊಡುವವನು ದೊಡ್ಡವನಲ್ಲ, ಅವನು ದಾಸನೆಂಬುದೇ ಆಗಿದೆ.

ಇಂತಹ ಪರಂಪರೆಯುಳ್ಳ ನಾಡಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನ್ನುಗಳು ಬಂದು ಶಾಲೆ, ಅನಾಥಾಲಯ, ಆಸ್ಪತ್ರೆಗಳನ್ನು ತೆರೆದಾಗ ಅವು ತಂದುದು ದಯೆಯೆಂಬ ಗುಣವನ್ನಲ್ಲ. ಆ ಗುಣ ಇಲ್ಲಿ ಮೊದಲೇ ಇದ್ದಿತು. ಹಾಗಾದರೆ ಅವು ತಂದುದೇನು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಅವು ನಿಷ್ಕಾಮ ಸೇವೆಯನ್ನು ತಂದವೆಂದು ಒಂದು ಪಕ್ಷ ಹೇಳುತ್ತದೆ. ಅನ್ನದ ಆಸೆ ತೋರಿಸಿ ಮತಾಂತರವನ್ನು ತಂದವೆಂದು ಇನ್ನೊಂದು ಪಕ್ಷ ಹೇಳುತ್ತದೆ. ಇವೆರಡೂ ವಕೀಲರ ಉತ್ತರಗಳೇ ಹೊರತು ಇತಿಹಾಸಕಾರನ ಉತ್ತರಗಳಲ್ಲವೆಂದು ನಮಗೆ ತೋರುತ್ತದೆ. ೧೮೭೬-೭೮ರ ಮಹಾಕ್ಷಾಮವನ್ನು ನಡುವಿಟ್ಟುಕೊಂಡು, ಕನ್ನಡ ನಾಡಿನ ಕ್ರೈಸ್ತರು ದೀನರ ವಿಷಯದಲ್ಲಿ ತಮ್ಮ ಹೊಣೆಯನ್ನು ಹೇಗೆ ಅರ್ಥಮಾಡಿಕೊಂಡರು, ಆ ಅರ್ಥ ಹೇಗೆ ಬದಲಾಯಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ಮೊದಲು ಈ ಹೊಣೆಯ ಮೂಲವನ್ನು ಸ್ವಲ್ಪದರಲ್ಲಿ ನೋಡಬೇಕು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆ ಎಲ್ಲರಿಗೂ ತಿಳಿದುದೇ. ಆದರೆ ಅದರ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಅವನು ಗಾಯಕ್ಕೆ ಎಣ್ಣೆ ಹಚ್ಚಿ ಹೊರಟುಹೋಗಲಿಲ್ಲ. ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು, ಮರುದಿನ ಛತ್ರದವನ ಕೈಗೆ ಹಣ ಕೊಟ್ಟು, ಹೆಚ್ಚು ವೆಚ್ಚವಾದರೆ ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಟ್ಟನು. ಅಂದರೆ ಆ ಕಥೆಯಲ್ಲಿ ಮರುಕವು ಮೊದಲ ದಿನದ್ದು, ಹೊಣೆಯು ಎರಡನೆಯ ದಿನದ್ದು.

ಆದಿ ಸಭೆಯ ಚರಿತ್ರೆಯಲ್ಲಿಯೂ ಇದೇ ಸಂಗತಿ ಕಾಣುತ್ತದೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದ ಪ್ರಕಾರ, ದಿನದಿನದ ಉಪಚಾರದಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಾಗ ಅದಕ್ಕಾಗಿಯೇ ಏಳು ಮಂದಿಯನ್ನು ನೇಮಿಸಲಾಯಿತು. ಅನ್ನ ಹಂಚುವಲ್ಲಿ ಪಕ್ಷಪಾತವಾಯಿತೆಂಬ ದೂರಿನಿಂದ ಸಭೆಯಲ್ಲಿ ಒಂದು ಅಧಿಕಾರಸ್ಥಾನವೇ ಹುಟ್ಟಿಕೊಂಡಿತೆಂಬುದು ಗಮನಾರ್ಹ. ನಾಲ್ಕನೆಯ ಶತಮಾನದಲ್ಲಿ, ಸುಮಾರು ೩೬೯ರಲ್ಲಿ, ಏಷ್ಯಾ ಮೈನರಿನ ಕೈಸರಿಯ ನಗರಕ್ಕೆ ಕ್ಷಾಮ ಬಂದಾಗ ಬೆಸಿಲನು ಶ್ರೀಮಂತರ ಕಣಜಗಳನ್ನು ತೆರೆಯಿಸಲು ಉಪದೇಶ ಮಾಡಿದನು. ಕ್ಷಾಮ ಕಳೆದ ಮೇಲೆ ಅವನು ಬಿಷಪನಾಗಿ, ನಗರದ ಹೊರಗೆ ರೋಗಿಗಳು, ಕುಷ್ಠಪೀಡಿತರು ಮತ್ತು ಪರದೇಶಿಗಳಿಗಾಗಿ ಒಂದು ದೊಡ್ಡ ಆಶ್ರಯಸ್ಥಾನವನ್ನು ಕಟ್ಟಿಸಿದನು. ಅವನಿಗಿಂತ ಕೆಲವೇ ವರ್ಷ ಹಿಂದೆ, ಕ್ರೈಸ್ತಮತದ ವಿರೋಧಿಯಾಗಿದ್ದ ಜೂಲಿಯನ್ ಚಕ್ರವರ್ತಿಯೇ, ಆ ಮತದವರು ತಮ್ಮವರನ್ನಲ್ಲದೆ ಪರಮತದ ಬಡವರನ್ನೂ ಪೋಷಿಸುತ್ತಿರುವುದನ್ನು ಪತ್ರವೊಂದರಲ್ಲಿ ತನ್ನ ಪುರೋಹಿತವರ್ಗಕ್ಕೆ ಎತ್ತಿ ತೋರಿಸಿದ್ದನು. ಕ್ಷಾಮದಿಂದ ಸಂಸ್ಥೆ ಹುಟ್ಟುವ ಕ್ರಮವು ಹೀಗೆ ಬಹು ಹಳೆಯದು. ಹದಿನೈದು ಶತಮಾನಗಳ ಅನಂತರ ಅದೇ ಕ್ರಮವನ್ನು ನಾವು ನಮ್ಮ ನಾಡಿನಲ್ಲಿ ಕಾಣುತ್ತೇವೆ.

೩

ಮಹಾಕ್ಷಾಮಕ್ಕೆ ಮೊದಲೇ ಕನ್ನಡ ಕರಾವಳಿಯಲ್ಲಿ ಈ ಹೊಣೆಯು ಒಂದು ಸಣ್ಣ ರೂಪದಲ್ಲಿ ತಲೆದೋರಿತ್ತು. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಷನ್ನಿನ ಮೊದಲ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಗಳಾದವು. ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಸಂಗತಿ ಕನ್ನಡ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಈ ಪಾದ್ರಿಗಳ ದಿನನಿತ್ಯದ ಚಿಂತೆ ಬೇರೆಯೇ ಆಗಿತ್ತು. ಹೊಸ ಮತವನ್ನು ಸ್ವೀಕರಿಸಿದವನು ಮನೆಯನ್ನು, ಕುಲದ ಕಸುಬನ್ನು, ಒಕ್ಕಲಾಗಿದ್ದರೆ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದನು. ಅವನನ್ನು ಈ ಸ್ಥಿತಿಗೆ ತಂದವರಿಗೆ ಅವನ ಹೊಟ್ಟೆಯ ಹೊಣೆಯೂ ಬರಲಿಲ್ಲವೆ?

ಭಿಕ್ಷೆಯಿಂದ ಈ ಹೊಣೆ ತೀರದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ೧೮೫೧ರಲ್ಲಿ ನೇಕಾರಿಕೆಯನ್ನು ಬಲ್ಲ ಹಾಲರ್ ಎಂಬುವನು ಬಂದ ಮೇಲೆ ಮಂಗಳೂರಿನಲ್ಲಿ ಮಗ್ಗದ ಕೆಲಸವು ಗಟ್ಟಿಯಾಗಿ ನೆಲೆಗೊಂಡಿತು. ೧೮೬೫ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ನೇತ್ರಾವತಿಯ ದಡದ ಜೇಡಿಮಣ್ಣು ಮಂಗಳೂರು ಹಂಚಾಗಿ ದೇಶದ ಮೂಲೆಮೂಲೆಗೂ ಹೋಯಿತು. ಕೊಡಗಿನಲ್ಲಿ, ಸಿದ್ಧಾಪುರದ ಬಳಿ, ಜಮೀನುದಾರರ ಕೈಕೆಳಗೆ ಜೀತದಲ್ಲಿದ್ದ ಹೊಲೆಯರಿಗಾಗಿ ೧೮೫೦ರ ದಶಕದಲ್ಲಿ ಮೋಗ್ಲಿಂಗನು ಒಂದು ಹಳ್ಳಿಯನ್ನೇ ಹೂಡಿದನು. ಮಂಗಳೂರಿನ ಸಾರಸ್ವತ ಕುಲದಿಂದ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯನ ಹೆಸರಿನಿಂದ ಅದು ಆನಂದಪುರವೆನಿಸಿತು. ೧೮೪೩ರ ಕಾನೂನು ಬ್ರಿಟಿಷ್ ಆಡಳಿತದ ನಾಡಿನಲ್ಲಿ ಗುಲಾಮಗಿರಿಗಿದ್ದ ಮಾನ್ಯತೆಯನ್ನು ತೆಗೆದುಹಾಕಿತ್ತು ನಿಜ. ಆದರೆ ಬಿಡುಗಡೆಯಾದವನು ಎಲ್ಲಿ ನಿಲ್ಲಬೇಕೆಂಬುದನ್ನು ಕಾನೂನು ಹೇಳಿರಲಿಲ್ಲ. ಆನಂದಪುರವು ಆ ಪ್ರಶ್ನೆಗೆ ಕೊಟ್ಟ ಒಂದು ಉತ್ತರವಾಗಿತ್ತು.

ಇಲ್ಲಿಯವರೆಗಿನ ಹೊಣೆಯು ಬಹುಮಟ್ಟಿಗೆ ತಮ್ಮವರ ಹೊಣೆ, ಸಭೆಗೆ ಸೇರಿದವರ ಹೊಣೆ ಎಂಬುದನ್ನು ನೆನಪಿನಲ್ಲಿಡಬೇಕು. ಈ ಎಲ್ಲೆಯನ್ನು ಒಡೆದುದು ಬರ.

೪

೧೮೭೫ರಲ್ಲಿಯೇ ಮಳೆ ಕುಂದಿತ್ತು. ೧೮೭೬ರಲ್ಲಿ ಅದು ಪೂರ್ತಿಯಾಗಿ ಕೈಕೊಟ್ಟಿತು. ಮೈಸೂರು ಸೀಮೆಯ ಜನರು ಇದನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದರು. ಮೈಸೂರು ಸಂಸ್ಥಾನ, ಬಳ್ಳಾರಿ, ಧಾರವಾಡ, ಕಲಾದಗಿ, ಹಾಗೂ ನಿಜಾಮರ ಸೀಮೆಯ ರಾಯಚೂರು, ಲಿಂಗಸುಗೂರು ಪ್ರಾಂತಗಳಲ್ಲಿ ಅದರ ಹೊಡೆತ ಕ್ರೂರವಾಗಿತ್ತು. ಹಗೇವುಗಳಲ್ಲಿ ಕೂಡಿಟ್ಟ ರಾಗಿ ತೀರಿತು. ಮೊದಲು ದನಗಳೂ ಆಮೇಲೆ ಜನರೂ ಸತ್ತರು. ಕಲಬುರಗಿಯನ್ನು ಹಾದು ಬರುವ ರೈಲುಮಾರ್ಗವು ೧೮೭೧ರಲ್ಲಿಯೇ ರಾಯಚೂರನ್ನು ಮುಟ್ಟಿ ಮದ್ರಾಸಿನ ಮಾರ್ಗದೊಡನೆ ಕೂಡಿತ್ತು. ಆದರೆ ಹಳಿಯ ಮೇಲೆ ಧಾನ್ಯ ಬಂದರೆ ಸಾಲದು, ಅದನ್ನು ಕೊಳ್ಳುವ ಶಕ್ತಿಯೂ ಕೈಯಲ್ಲಿರಬೇಕೆಂಬ ಕಠಿನ ಪಾಠವನ್ನು ಆ ಎರಡು ವರ್ಷಗಳು ಕಲಿಸಿದವು.

ನಷ್ಟದ ಅಳತೆಯನ್ನು ಜನಗಣತಿಯಿಂದ ಊಹಿಸಬಹುದು. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳ ಸಹಜ ವೃದ್ಧಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನೂರಕ್ಕೆ ೧೭ ಮಂದಿ ಕಡಮೆಯಾದರು.

ಸರ್ಕಾರದ ನೀತಿಯಾದರೋ ವೆಚ್ಚದ ಭಯದಿಂದ ಬಿಗಿದುಕೊಂಡಿತ್ತು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲನು ಪರಿಹಾರದ ಕೆಲಸ ಮಾಡುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಇಷ್ಟರಿಂದ ದುಡಿಯುವ ದೇಹ ಉಳಿಯಲಾರದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಪ್ರತಿಭಟಿಸಿದನು. ಕೆಲವು ತಿಂಗಳಲ್ಲಿಯೇ ಕೂಲಿಯನ್ನು ಏರಿಸಬೇಕಾಯಿತು. ಒಬ್ಬ ಮನುಷ್ಯನನ್ನು ಬದುಕಿಸಲು ಎಷ್ಟು ಬೇಕು ಎಂಬ ಪ್ರಶ್ನೆ ಲೆಕ್ಕದ ಪುಸ್ತಕಗಳಲ್ಲಿ ನಡೆಯುತ್ತಿದ್ದಾಗ ದಾರಿಯಲ್ಲಿ ಜನ ಸಾಯುತ್ತಿದ್ದರು.

೧೮೭೭ರ ಆಗಸ್ಟಿನಲ್ಲಿ ಮದ್ರಾಸಿನ ಗವರ್ನರನು ಇಂಗ್ಲೆಂಡಿನ ಜನರಿಗೆ ನೇರವಾಗಿ ಮೊರೆಯಿಟ್ಟನು. ಲಂಡನ್ ನಗರದ ಮೇಯರನ ನೇತೃತ್ವದಲ್ಲಿ ಮ್ಯಾನ್ಷನ್ ಹೌಸ್ ನಿಧಿ ಏರ್ಪಟ್ಟು, ಕಾರ್ಮಿಕರಿಂದ ಹಿಡಿದು ಶ್ರೀಮಂತರವರೆಗೆ ಎಲ್ಲರೂ ಹಣ ಕಳುಹಿಸಿದರು. ಈ ಹಣವನ್ನು ಹಂಚುವ ಸ್ಥಳೀಯ ಸಮಿತಿಗಳಲ್ಲಿ ಅಧಿಕಾರಿಗಳೊಡನೆ, ವರ್ತಕರೊಡನೆ ಮಿಷನರಿಗಳೂ ಕುಳಿತರು. ಭಾಷೆ ಬಲ್ಲವರೂ ಹಳ್ಳಿಯ ದಾರಿ ಬಲ್ಲವರೂ ಆದುದರಿಂದ ಅವರ ನೆರವು ಬೇಕಾಯಿತು. ಈ ನಿಧಿಯ ವಿನಿಯೋಗದಲ್ಲಿ ಒಂದು ಅಂಶ ಮುಖ್ಯವಾದುದು. ಮಳೆ ಬಿದ್ದ ಮೇಲೆ ಅದರ ದೊಡ್ಡ ಪಾಲು ಗಂಜಿಗೆ ಹೋಗದೆ ಬಿತ್ತನೆಯ ಬೀಜಕ್ಕೆ, ಎತ್ತುಗಳಿಗೆ, ಬಿದ್ದ ಮನೆಗಳ ದುರಸ್ತಿಗೆ ಹೋಯಿತು. ಪ್ರಾಣ ಉಳಿಸುವುದೇ ಬೇರೆ, ಬದುಕನ್ನು ಉಳಿಸುವುದೇ ಬೇರೆ ಎಂಬ ವಿವೇಚನೆ ಇಲ್ಲಿ ಸ್ಪಷ್ಟವಾಗಿ ಮೂಡಿತು.

೫

ಮಳೆ ಬಂದಿತು. ಗಂಜಿಯ ಕೇಂದ್ರಗಳು ಮುಚ್ಚಿದವು. ಕೂಲಿಯವರು ಹಳ್ಳಿಗಳಿಗೆ ಮರಳಿದರು. ಹಿಂದಿರುಗಲು ಹಳ್ಳಿಯಿಲ್ಲದವರು ಉಳಿದರು, ಅವರೇ ಮಕ್ಕಳು. ತಂದೆತಾಯಿಗಳನ್ನು ಕಳೆದುಕೊಂಡು, ಎಷ್ಟೋ ವೇಳೆ ತಮ್ಮ ಊರಿನ ಹೆಸರನ್ನೂ ಹೇಳಲಾರದ ಮಕ್ಕಳು. ಸರ್ಕಾರವು ಇವರಲ್ಲಿ ಅನೇಕರನ್ನು ಮಿಷನ್ನುಗಳ ವಶಕ್ಕೆ ಒಪ್ಪಿಸಿತು. ಕನ್ನಡ ನಾಡಿನ ಕ್ರೈಸ್ತ ಸೇವೆಯ ಸ್ವರೂಪವನ್ನು ತಿರುಗಿಸಿದುದು ಗಂಜಿಯಲ್ಲ, ಈ ಮಕ್ಕಳು ಎಂಬುದೇ ನಮ್ಮ ಅಭಿಪ್ರಾಯ. ಹಸಿದ ದೊಡ್ಡವನಿಗೆ ಉಣಬಡಿಸಿದರೆ ಅವನು ಎದ್ದು ನಡೆಯುತ್ತಾನೆ. ಐದು ವರ್ಷದ ಮಗುವಿಗೆ ಒಮ್ಮೆ ಉಣಬಡಿಸಿದವನು ಹದಿನೈದು ವರ್ಷ ಉಣಬಡಿಸಲೇಬೇಕು; ಓದು ಕಲಿಸಬೇಕು, ಕಸುಬು ಕಲಿಸಬೇಕು, ಮದುವೆ ಮಾಡಬೇಕು, ನಿಲ್ಲಲು ನೆಲ ತೋರಿಸಬೇಕು.

ಹಾಗೆಯೇ ಆಯಿತು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿದರು. ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಕಥೋಲಿಕ ಪಾದ್ರಿಗಳು ನೆಲಮಂಗಲ ತಾಲೂಕಿನಲ್ಲಿ ಬರದ ಅನಾಥರಿಗಾಗಿ ಬೇಸಾಯದ ನೆಲೆಯೊಂದನ್ನು ಮಾಡಿ ಅದಕ್ಕೆ ಶಿಲುಬೆಪುರವೆಂದು ಹೆಸರಿಟ್ಟರು. ಶಿಲುಬೆಯ ಹೆಸರಿನ ಆ ಹಳ್ಳಿಯು ಇಂದಿಗೂ ಉಳಿದಿದೆ. ಬರದಲ್ಲಿ ಊರು ಕಳೆದುಕೊಂಡವರಿಗೆ ಅನ್ನವನ್ನಲ್ಲ, ಊರನ್ನೇ ಕೊಡಬೇಕಾಯಿತೆಂಬುದಕ್ಕೆ ಅದು ಸಾಕ್ಷಿ.

ಇದೇ ಸ್ಥಳದಲ್ಲಿ ನಾವು ಕಠಿನವಾದ ಪ್ರಶ್ನೆಯನ್ನೂ ಎದುರಿಸಬೇಕು. ಈ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅವರನ್ನು ಯಾರೂ ಕೇಳಲಿಲ್ಲ. ಕೇಳುವ ವಯಸ್ಸೂ ಅವರದಾಗಿರಲಿಲ್ಲ. ಬರದ ಕಾಲದಲ್ಲಿ ಸಾಯುತ್ತಿದ್ದ ಶಿಶುಗಳಿಗೆ ದೀಕ್ಷಾಸ್ನಾನ ಕೊಟ್ಟುದನ್ನು ಕಥೋಲಿಕ ಪಾದ್ರಿಗಳು ಪುಣ್ಯಕಾರ್ಯವೆಂದು ತಮ್ಮ ವರದಿಗಳಲ್ಲಿ ಎಣಿಸಿದರು. ಯೂರೋಪಿನ ದಾನಿಯೊಬ್ಬನು ಮಗುವಿನ ಪೋಷಣೆಗೆ ಹಣ ಕಳುಹಿಸಿದರೆ ಅವನು ಸೂಚಿಸಿದ ಹೆಸರನ್ನೇ ಇಡುವ ರೂಢಿಯೂ ಆ ಶತಮಾನದ ಮಿಷನ್ ಶಾಲೆಗಳಲ್ಲಿತ್ತು. ಹೊಟ್ಟೆ ತುಂಬಿದ ಮಗು ತನ್ನ ಹೆಸರನ್ನು ಕಳೆದುಕೊಂಡಿತು. ಇದನ್ನು ವಂಚನೆಯೆಂದು ಕರೆಯುವುದು ಸುಲಭ. ಆ ಪಾದ್ರಿಗಳ ದೃಷ್ಟಿಯಲ್ಲಿ ಅನ್ನವನ್ನು ಕೊಟ್ಟು ಆತ್ಮದ ಉದ್ಧಾರವನ್ನು ಕೊಡದಿರುವುದೇ ವಂಚನೆಯಾಗಿತ್ತು. ಆದರೂ ಕೊಡುವವನ ಶ್ರದ್ಧೆಯು ತೆಗೆದುಕೊಳ್ಳುವವನ ಒಪ್ಪಿಗೆಗೆ ಬದಲಾಗಲಾರದು. ನಂತರದ ಬರಗಾಲದ ನಿಯಮಾವಳಿಗಳು ಅನಾಥ ಮಕ್ಕಳನ್ನು ಮೊದಲು ಬಂಧುಗಳಿಗೆ, ಅವರಿಲ್ಲದಿದ್ದರೆ ಸ್ವಮತೀಯರಿಗೆ ಒಪ್ಪಿಸಬೇಕೆಂಬ ಕ್ರಮದತ್ತ ತಿರುಗಿದುದು ಈ ಅನುಭವದ ಫಲವೇ ಆಗಿದೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಆ ಮಕ್ಕಳನ್ನು ಎತ್ತಿಕೊಳ್ಳಲು ಬೇರೆ ಎಷ್ಟು ಕೈಗಳು ಮುಂದೆ ಬಂದವು? ದಾಸೋಹದ ಮನೆಗಳು, ಛತ್ರಗಳು, ಉದಾರಿಗಳಾದ ಸಾಹುಕಾರರು ಉಣಬಡಿಸಿದರು, ಇದನ್ನು ಅಲ್ಲಗಳೆಯಲಾಗದು. ಆದರೆ ಯಾವ ಕುಲವೆಂದು ತಿಳಿಯದ ಮಗುವನ್ನು ಮನೆಯೊಳಗೆ ಬೆಳೆಸುವುದಕ್ಕೆ ನಮ್ಮ ಸಮಾಜದ ಕಟ್ಟಳೆಗಳು ಅಡ್ಡ ಬಂದವು. ಪಂಕ್ತಿಯಲ್ಲಿ ಕುಲ ಕೇಳದ ಧರ್ಮವು ಹೊಸ್ತಿಲಲ್ಲಿ ಕುಲ ಕೇಳಿತು. ಮಿಷನ್ನನ್ನು ದೂರುವವನು ಈ ಮಾತಿಗೂ ಉತ್ತರ ಹೇಳಬೇಕಾಗುತ್ತದೆ.

೬

ಮಹಾಕ್ಷಾಮದ ತರುವಾಯದ ಮೂರು ದಶಕಗಳಲ್ಲಿ ಈ ಹೊಣೆಯು ರೋಗಿಯ ಕಡೆಗೆ ಹೊರಳಿತು. ಇದಕ್ಕೆ ಮಂಗಳೂರಿನ ಕಂಕನಾಡಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ೧೮೪೧ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯ ಪ್ರಾಂತದಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರನು ೧೮೭೮ರ ಕೊನೆಯಲ್ಲಿ ಮಂಗಳೂರಿಗೆ ಬಂದನು. ಅವನಿಗೆ ಹೋಮಿಯೋಪತಿಯ ಪರಿಚಯವಿತ್ತು. ೧೮೮೦ರಲ್ಲಿ ಬಡವರಿಗೆ ಔಷಧ ಹಂಚುವ ಸಣ್ಣ ಕೇಂದ್ರವನ್ನು ಆರಂಭಿಸಿದನು. ಆಲದ ಮರದ ನೆರಳೇ ಅದರ ಮೊದಲ ಚಾವಣಿಯಾಗಿತ್ತೆಂಬ ಮಾತು ಆ ಸಂಸ್ಥೆಯಲ್ಲಿ ಬೆಳೆದು ಬಂದಿದೆ. ೧೮೯೦ರಲ್ಲಿ ಕುಷ್ಠರೋಗಿಗಳ ಆಶ್ರಯವೂ, ಪ್ಲೇಗು ಹರಡಿದಾಗ ೧೯೦೨ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಅದಕ್ಕೆ ಕೂಡಿಕೊಂಡವು. ೧೯೧೦ರಲ್ಲಿ ಮುಲ್ಲರನು ಕಾಲವಾದನು. ಅವನ ಹೆಸರಿನ ಆಸ್ಪತ್ರೆ ಬೆಳೆದು ವೈದ್ಯಕೀಯ ಕಾಲೇಜಾಗಿದೆ.

ಇದರಲ್ಲಿ ಕುಷ್ಠಾಶ್ರಮವು ವಿಶೇಷವಾದುದು. ಆ ಕಾಲದಲ್ಲಿ ಕುಷ್ಠಕ್ಕೆ ಔಷಧವಿರಲಿಲ್ಲ. ವಾಸಿಯಾಗದ ರೋಗಿಯನ್ನು ಸೇರಿಸಿಕೊಂಡವನು ಅವನ ಮರಣದವರೆಗೂ ಅವನನ್ನು ಬಿಡುವಂತಿಲ್ಲ. ಬರದ ಮಗುವಿನ ಹೊಣೆಗಾದರೂ ಹದಿನೈದು ವರ್ಷದ ಅವಧಿಯಿತ್ತು. ಈ ಹೊಣೆಗೆ ಅವಧಿಯೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೦ರ ದಶಕದ ಆರಂಭದಲ್ಲಿ ಸೂಚಿಸಿದ ಬಹು ಔಷಧ ಚಿಕಿತ್ಸೆಯಿಂದ ರೋಗ ವಾಸಿಯಾಗತೊಡಗಿ, ಆಶ್ರಮದ ಗೋಡೆಗಳ ಅಗತ್ಯ ಕಡಮೆಯಾಯಿತು. ಆದರೆ ವಾಸಿಯಾದವನನ್ನು ಮನೆಯವರು ಮರಳಿ ಕರೆದುಕೊಳ್ಳದಿದ್ದಾಗ ಅದೇ ಹಳೆಯ ಪ್ರಶ್ನೆ, ಉಳಿದವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ, ಮತ್ತೆ ಎದ್ದಿತು.

ಬೆಂಗಳೂರಿನಲ್ಲಿ ೧೮೫೪ರಿಂದ ಇದ್ದ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ೧೮೮೬ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ಮೈಸೂರಿನಲ್ಲಿ ೧೯೦೬ರಲ್ಲಿ ಹೆಂಗಸರಿಗೂ ಮಕ್ಕಳಿಗೂ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯೆಂದೇ ಹೆಸರಾಯಿತು. ನಮ್ಮ ಕಲಬುರಗಿ, ಬೀದರ, ಯಾದಗಿರಿ ಭಾಗದಲ್ಲಿ ಅಮೆರಿಕದಿಂದ ಬಂದ ಮೆಥೊಡಿಸ್ಟ್ ಮಿಷನ್ನು ಶಾಲೆ ಮತ್ತು ಆಸ್ಪತ್ರೆಗಳ ಇದೇ ದಾರಿಯನ್ನು ಹಿಡಿಯಿತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಅದರ ಫಲ. ಆಸ್ಪತ್ರೆಯ ಬಾಗಿಲಲ್ಲಿ ಒಂದು ಮುಖ್ಯವಾದ ಬದಲಾವಣೆ ನಡೆದುದನ್ನು ಗುರುತಿಸಬೇಕು. ಅನಾಥಾಲಯದ ಮಗು ಆಶ್ರಯ ಕೊಟ್ಟವರ ಮತಕ್ಕೆ ಸೇರುತ್ತಿತ್ತು. ಆಸ್ಪತ್ರೆಯ ರೋಗಿಯಾದರೋ ಹೆಚ್ಚಾಗಿ ತನ್ನ ಮತದಲ್ಲಿಯೇ ಗುಣ ಹೊಂದಿ ತನ್ನ ಮನೆಗೆ ಮರಳಿದನು. ತಮ್ಮವರಾಗದವರ ಹೊಣೆಯನ್ನು ಹೊರುವುದು ಇಲ್ಲಿ ನಿತ್ಯದ ಅಭ್ಯಾಸವಾಯಿತು.

೭

ಹೊಣೆಗೆ ಮಿತಿಗಳೂ ಇದ್ದವು. ಮಿಷನ್ನಿನ ಮಗ್ಗ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟವನೇ ಧರ್ಮಗುರುವೂ ಆಗಿದ್ದುದರಿಂದ ಕೂಲಿಯ ಜೊತೆಗೆ ನಡತೆಯ ಶಾಸನವೂ ಬಂದಿತು. ೧೯೧೪ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿತು. ಕಾರ್ಖಾನೆಗಳು ಕೈಬಿಟ್ಟು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಸೇರಿದವು. ಎರಡು ತಲೆಮಾರು ಮಿಷನ್ನಿನ ಆಶ್ರಯದಲ್ಲಿ ಬಾಳಿದ ಜನರು ಒಮ್ಮೆಗೇ ತಮ್ಮ ಕಾಲಿನ ಮೇಲೆ ನಿಲ್ಲಬೇಕಾಯಿತು. ಹೊರುವವನು ತಾನು ಇಲ್ಲದ ದಿನಕ್ಕೂ ಅಣಿಮಾಡಿರಬೇಕೆಂಬುದು ಹೊಣೆಯ ಕೊನೆಯ ಪಾಠ. ಅದನ್ನು ಮಿಷನ್ನು ಅರ್ಧ ಮಾತ್ರ ಕಲಿತಿತ್ತೆಂದು ಹೇಳಬೇಕಾಗುತ್ತದೆ.

ಆಕರಗಳ ವಿಷಯದಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ವಹಿಸಬೇಕು. ಮಿಷನ್ನಿನ ವರದಿಗಳು ದೂರದ ದಾನಿಗಳ ಮನಸ್ಸನ್ನು ಕರಗಿಸಲು ಬರೆದವು. ಸರ್ಕಾರದ ವರದಿಗಳು ಮೇಲಧಿಕಾರಿಗಳಿಗೆ ವೆಚ್ಚವನ್ನು ಸಮರ್ಥಿಸಲು ಬರೆದವು. ಅನ್ನ ಕೊಟ್ಟವರ ಕೈಬರಹ ನಮ್ಮಲ್ಲಿ ಹೇರಳವಾಗಿದೆ. ಉಂಡವರದು ಇಲ್ಲವೆನ್ನುವಷ್ಟು ವಿರಳ. ಆದರೆ ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳಲ್ಲಿ, ಹಳೆಯ ಕ್ರೈಸ್ತ ಕುಟುಂಬಗಳ ಹಿರಿಯರ ನೆನಪಿನಲ್ಲಿ ಅವರ ಸುಳಿವು ಸಿಕ್ಕಬಹುದು. ನಮ್ಮ ಜಿಲ್ಲೆಗಳಲ್ಲಿ ಈ ಕೆಲಸವನ್ನು ಕೈಗೊಳ್ಳುವ ವಿದ್ಯಾರ್ಥಿಗೆ ವಿಷಯದ ಕೊರತೆಯಾಗದು.

ಮೊದಲು ಎತ್ತಿದ ಪ್ರಶ್ನೆಗೆ ಈಗ ಹಿಂದಿರುಗಬಹುದು. ಮಿಷನ್ನುಗಳು ಈ ನಾಡಿಗೆ ತಂದುದು ಮರುಕವನ್ನಲ್ಲ, ಮರುದಿನದ ಲೆಕ್ಕವನ್ನು. ಉಂಡವನು ನಾಳೆ ಏನು ಮಾಡುವನು, ಎಲ್ಲಿ ಮಲಗುವನು, ಯಾವ ಕಸುಬಿನಿಂದ ಬದುಕುವನು ಎಂದು ಕೇಳಿ, ಉತ್ತರವನ್ನು ಕಟ್ಟಡ, ಕಾರ್ಖಾನೆ, ಹೊಲಗಳ ರೂಪದಲ್ಲಿ ನಿಲ್ಲಿಸುವ ಅಭ್ಯಾಸವನ್ನು. ಈ ಲೆಕ್ಕದಲ್ಲಿ ಅವರು ಒಂದು ತಪ್ಪನ್ನೂ ಮಾಡಿದರು. ಉಂಡವನ ಮನಸ್ಸನ್ನೂ ತಮ್ಮ ಖಾತೆಗೆ ಬರೆದುಕೊಂಡರು. ದಾಸೋಹದ ಪರಂಪರೆಯು ಆ ತಪ್ಪನ್ನು ಮಾಡಲಿಲ್ಲ. ಉಂಡವನಿಂದ ಅದು ಏನನ್ನೂ ಬೇಡಲಿಲ್ಲ. ಆದರೆ ಅವನು ಎದ್ದುಹೋದ ಮೇಲೆ ಅವನ ಹಿಂದೆ ಹೋಗಿ ನೋಡುವ ರೂಢಿಯೂ ಅದರಲ್ಲಿ ಕಡಮೆಯಿತ್ತು. ಏನನ್ನೂ ಬೇಡದೆ ಉಣಬಡಿಸಿ, ಉಂಡವನ ನಾಳೆಯನ್ನೂ ವಿಚಾರಿಸುವ ಧರ್ಮವು ಈ ಎರಡು ಪರಂಪರೆಗಳು ಒಂದರಿಂದೊಂದು ಕಲಿತಾಗ ಮಾತ್ರ ಸಾಧ್ಯ. ದರ್ಗಾ, ದಾಸೋಹದ ಮನೆ, ಚರ್ಚು ಈ ಮೂರೂ ಒಂದೇ ನಗರದಲ್ಲಿರುವ ಕಲಬುರಗಿಯವರಾದ ನಮಗೆ ಆ ಪಾಠ ದೂರದ್ದಾಗಬೇಕಾಗಿಲ್ಲ.